ಇವತ್ತಿನ ಬಿಸಿಲಿನ ವಯಸ್ಸು ಎಂಟು ನಿಮಿಷವೋ, ಲಕ್ಷ ವರ್ಷವೋ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಸೂರ್ಯನ ಒಡಲಲ್ಲಿ ಹುಟ್ಟಿದ ಬೆಳಕು ಮೇಲ್ಮೈಗೆ ಬರಲು ಲಕ್ಷ ವರ್ಷ ಬೇಕು, ಅಲ್ಲಿಂದ ನಮ್ಮ ಬಳಿಗೆ ಎಂಟೇ ನಿಮಿಷ ಎಂದು ಒಂದು ವಿಡಿಯೊದಲ್ಲಿ ನೋಡಿದ್ದಾಳೆ. ಇನ್ನೊಂದು ಕಡೆ ಐದು ಸಾವಿರ ವರ್ಷ ಎಂದಿದೆ, ಮತ್ತೊಂದು ಕಡೆ ಐದು ಲಕ್ಷ. ಹಾಗಾದರೆ ಬಿಸಿಲು ನಿಜಕ್ಕೂ ಎಷ್ಟು ಹಳೆಯದು? ಸೂರ್ಯ ಒಳಗೆ ಆಗಲೇ ಆರಿಹೋಗಿದ್ದರೆ ನಮಗೆ ಗೊತ್ತೇ ಆಗಲ್ವಾ ಎಂದು ಹೆದರಿದ್ದಾಳೆ. ಕೋಟ್ಯಂತರ ವರ್ಷ ಓಡಿ ಬರುವ ಬೆಳಕು ದಾರಿಯಲ್ಲಿ ಸುಸ್ತಾಗುವುದಿಲ್ಲವೇ ಎಂಬುದು ಅವಳ ಎರಡನೇ ಪ್ರಶ್ನೆ. ನನ್ನದೂ ಎರಡಿವೆ. ನಮ್ಮ 70 ಮಿಲಿಮೀಟರ್ ಟೆಲಿಸ್ಕೋಪಿನ ಜೊತೆ, ಕಣ್ಣಿಡುವ ಕಡೆ ತಿರುಗಿಸಿ ಕೂರಿಸುವ ಹಸಿರು 'ಸನ್ ಫಿಲ್ಟರ್' ಬಂದಿದೆ. ಅದನ್ನು ಹಾಕಿ ಸೂರ್ಯನ ರೋಹಿತದ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ) ಕಪ್ಪು ಗೆರೆಗಳನ್ನು ನೋಡಬಹುದೇ? ಇನ್ನೊಂದು, 'ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಫೋನ್ ಆಫ್ ಮಾಡಿ ದೂರ ಇಡಿ' ಎಂಬ ಮೆಸೇಜ್. ಅದು ಬಂದಾಗಲೆಲ್ಲ ಮನೆಯಲ್ಲಿ ಗಲಾಟೆ. ಇದರಲ್ಲಿ ಏನಾದರೂ ನಿಜ ಇದೆಯಾ?

ಉತ್ತರ: ಮೊದಲು ಫಿಲ್ಟರ್ ವಿಷಯ. ಉಳಿದದ್ದು ಕಾಯಬಹುದು, ಇದು ಕಾಯುವುದಿಲ್ಲ. ಆ ಹಸಿರು ಗಾಜನ್ನು ಬಳಸಲೇಬೇಡಿ. ಡಬ್ಬಿಯಲ್ಲೂ ಇಡಬೇಡಿ, ನೀವಿಲ್ಲದ ಹೊತ್ತಿನಲ್ಲಿ ಮಗಳು ಹಾಕಿಕೊಂಡು ನೋಡಿಬಿಡಬಹುದು. 70 ಮಿಲಿಮೀಟರ್ ಮಸೂರವು ಹಗಲು ಹೊತ್ತಿನ ಕಣ್ಣಿನ ಪಾಪೆಗಿಂತ ನೂರಾರು ಪಟ್ಟು ಜಾಸ್ತಿ ಬಿಸಿಲು ಹಿಡಿಯುತ್ತದೆ. ಹಿಡಿದದ್ದನ್ನೆಲ್ಲ ಆ ಪುಟ್ಟ ಗಾಜಿನ ಹತ್ತಿರ ತಂದು ಸುರಿಯುತ್ತದೆ. ಗಾಜು ಕಾದು ಫಟ್ಟನೆ ಸೀಳಬಹುದು. ಆಗ ರೆಪ್ಪೆ ಮುಚ್ಚುವಷ್ಟರಲ್ಲೇ ಕಣ್ಣು ಕೆಟ್ಟಿರುತ್ತದೆ. ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಸುಟ್ಟದ್ದು ಆ ಕ್ಷಣಕ್ಕೆ ಗೊತ್ತಾಗದೆ, ಕೆಲವು ಗಂಟೆಗಳ ನಂತರ ನೋಟದ ನಡುವೆ ಒಂದು ಮಸುಕು ಚುಕ್ಕೆ ಕಾಣಿಸಿಕೊಳ್ಳುತ್ತದೆ. ಈಗಾಗಲೇ ಒಮ್ಮೆ ನೋಡಿಬಿಟ್ಟಿದ್ದು, ಅಂಥ ಚುಕ್ಕೆಯೋ ನೇರ ಗೆರೆ ಸೊಟ್ಟಗೆ ಕಾಣುವುದೋ ಇದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕಪ್ಪು ಗೆರೆ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇದೆ, ಅದಕ್ಕೆ ಟೆಲಿಸ್ಕೋಪೇ ಬೇಡ. ಮುಂದೆ ಹೇಳುತ್ತೇನೆ.

ಈಗ ಮಗಳ ಪ್ರಶ್ನೆ. ನಕ್ಷತ್ರಗಳ ರೋಹಿತ ಓದುವುದೇ ನನ್ನ ಕೆಲಸ. ಹೋದಲ್ಲೆಲ್ಲ ಜನ ನನ್ನನ್ನು ಜಾಸ್ತಿ ಕೇಳುವುದು ಈ ಲಕ್ಷ ವರ್ಷದ ಕಥೆಯನ್ನೇ. ಕಥೆ ಪೂರ್ತಿ ಸುಳ್ಳಲ್ಲ. ಆದರೆ ಹೇಳುವ ರೀತಿಯಲ್ಲಿ ಒಂದು ದೊಡ್ಡ ತಪ್ಪು ನುಸುಳಿದೆ.

ಸೂರ್ಯನ ನಟ್ಟನಡುವೆ ಸುಮಾರು 1.5 ಕೋಟಿ ಡಿಗ್ರಿ ಶಾಖ. ಅಲ್ಲಿನ ಅನಿಲ ನೀರಿಗಿಂತ 150 ಪಟ್ಟು ದಟ್ಟ. ನಾಲ್ಕು ಹೈಡ್ರೋಜನ್ ಪರಮಾಣುಬೀಜಗಳು ಹಂತಹಂತವಾಗಿ ಸೇರಿ ಒಂದು ಹೀಲಿಯಂ ಬೀಜವಾಗುತ್ತವೆ. ಆಗ ದ್ರವ್ಯರಾಶಿಯಲ್ಲಿ ಶೇಕಡಾ 0.7ರಷ್ಟು ಕಡಿಮೆಯಾಗುತ್ತದೆ. ಆ ಕೊರತೆಯೇ ಶಕ್ತಿ. ಹೀಗೆ ಸೆಕೆಂಡಿಗೆ 40 ಲಕ್ಷ ಟನ್‌ಗೂ ಮೀರಿದ ದ್ರವ್ಯ ಶಕ್ತಿಯಾಗುತ್ತಿದೆ. ಈ ಶಕ್ತಿಯ ಒಂದಿಷ್ಟು ಪಾಲು ಗಾಮಾ ಕಿರಣಗಳಾಗಿ ಹೊರಡುತ್ತದೆ. ಹೊರಟರೇನು, ಎದುರಿಗೆ ಎಲೆಕ್ಟ್ರಾನುಗಳೂ ಅಯಾನುಗಳೂ ಕಿಕ್ಕಿರಿದಿವೆ. ಒಂದು ಮಿಲಿಮೀಟರಿನ ಆಸುಪಾಸು ಹೋಗುವಷ್ಟರಲ್ಲಿ ಫೋಟಾನ್, ಅಂದರೆ ಬೆಳಕಿನ ಕಣ, ಯಾವುದಕ್ಕಾದರೂ ತಗುಲಿ ದಿಕ್ಕು ಬದಲಿಸುತ್ತದೆ. ಇಲ್ಲವೇ ನುಂಗಿಹೋಗುತ್ತದೆ. ನುಂಗಿದ ಜಾಗದಿಂದ ಹೊಸ ಫೋಟಾನುಗಳು ಎತ್ತ ಬೇಕಾದರೂ ಹೊರಡುತ್ತವೆ.

ಹೀಗೆ ಗುರಿಯಿಲ್ಲದೆ ಅಡ್ಡಾಡುವುದಕ್ಕೆ ಒಂದು ಲೆಕ್ಕ ಇದೆ. ನೂರು ಹೆಜ್ಜೆಯಷ್ಟು ದೂರ ಸರಿಯಲು ಹೆಚ್ಚುಕಡಿಮೆ ನೂರರ ವರ್ಗದಷ್ಟು, ಅಂದರೆ ಹತ್ತು ಸಾವಿರ ಹೆಜ್ಜೆ ಬೇಕು. ಸೂರ್ಯನ ತ್ರಿಜ್ಯ ಸುಮಾರು 7 ಲಕ್ಷ ಕಿಲೋಮೀಟರ್. ಒಂದೊಂದು ಹೆಜ್ಜೆ 1 ಸೆಂಟಿಮೀಟರ್ ಎಂದು ಹಿಡಿದರೆ ಹೊರಬರಲು 5 ಸಾವಿರ ವರ್ಷ. 1 ಮಿಲಿಮೀಟರ್ ಎಂದರೆ 50 ಸಾವಿರ ವರ್ಷ. ಅದರ ಹತ್ತನೇ ಒಂದು ಪಾಲು ಎಂದರೆ 5 ಲಕ್ಷ. ನಿಮ್ಮ ಮಗಳಿಗೆ ಸಿಕ್ಕ ಬೇರೆಬೇರೆ ಸಂಖ್ಯೆಗಳ ಗುಟ್ಟು ಇಷ್ಟೇ. ಹೆಜ್ಜೆಯ ಉದ್ದವನ್ನು ಅವರವರು ಅಂದಾಜಿಗೆ ತಕ್ಕಂತೆ ಇಟ್ಟುಕೊಂಡಿದ್ದಾರೆ. ನಿಜವಾಗಿ ಸೂರ್ಯನೊಳಗೆ ಆಳಕ್ಕೆ ತಕ್ಕಂತೆ ಈ ಉದ್ದ ಬದಲಾಗುತ್ತಾ ಹೋಗುತ್ತದೆ. 1992ರಲ್ಲಿ ಮಿಟಾಲಾಸ್ ಮತ್ತು ಸಿಲ್ಸ್ ಎಂಬ ಇಬ್ಬರು ಈ ಬದಲಾವಣೆಯನ್ನೂ ಸೇರಿಸಿ ಲೆಕ್ಕ ಹಾಕಿದಾಗ ಬಂದದ್ದು 1 ಲಕ್ಷ 70 ಸಾವಿರ ವರ್ಷ. ವಿಡಿಯೊಗಳ 'ಲಕ್ಷ ವರ್ಷ' ಈ ಬಗೆಯ ಲೆಕ್ಕಗಳಿಂದಲೇ ಬಂದದ್ದು.

ತಪ್ಪು ಎಲ್ಲಿದೆ ಅಂದರೆ, ಒಂದೇ ಫೋಟಾನ್ ಅಷ್ಟೂ ಕಾಲ ಬದುಕಿದ್ದು, ಕೊನೆಗೆ ಹೊರಬಂದು ನಮ್ಮ ಕಣ್ಣಿಗೆ ಬೀಳುತ್ತದೆ ಎಂದು ಭಾವಿಸುವುದರಲ್ಲಿ. ಹಾಗೆ ಆಗುವುದೇ ಇಲ್ಲ. ದೊಡ್ಡ ನೋಟೊಂದನ್ನು ಕೊಟ್ಟು ಚಿಲ್ಲರೆ ಮಾಡಿಸಿ, ಆ ಚಿಲ್ಲರೆಯನ್ನು ಮತ್ತೆ ಸಣ್ಣ ಚಿಲ್ಲರೆ ಮಾಡಿಸುತ್ತಾ ಕೈಯಿಂದ ಕೈಗೆ ದಾಟಿಸಿದರೆ ಕೊನೆಯವನಿಗೆ ಹಣ ಅಷ್ಟೇ ತಲುಪುತ್ತದೆ. ಆದರೆ ಆ ಮೊದಲಿನ ನೋಟು ಅವನ ಕೈಗೆ ಬರುವುದಿಲ್ಲ. ಸೂರ್ಯನೊಳಗೆ ನಡೆಯುವುದೂ ಇದೇ. ನಡುವೆ ತುಂಬಿರುವ ಬೆಳಕು ಬಹುಪಾಲು ಎಕ್ಸ್-ರೇ. ಮೇಲ್ಮೈಯಲ್ಲಿ ಶಾಖ 5,772 ಕೆಲ್ವಿನ್ ಮಾತ್ರ. ಶಾಖ ಕಡಿಮೆಯಾದಷ್ಟೂ ಒಂದೊಂದು ಫೋಟಾನಿನ ಶಕ್ತಿಯೂ ಕಡಿಮೆ. ಒಳಗಿನ ಒಂದು ಸಾಧಾರಣ ಎಕ್ಸ್-ರೇ ಫೋಟಾನಿನ ಶಕ್ತಿ ಮೇಲೆ ಬರುವಷ್ಟರಲ್ಲಿ ಸುಮಾರು 2,600 ಫೋಟಾನುಗಳಲ್ಲಿ ಹಂಚಿಹೋಗಿರುತ್ತದೆ. ಕೊನೆಯ ಶೇಕಡಾ 30ರಷ್ಟು ದಾರಿಯಲ್ಲಂತೂ ಶಕ್ತಿಯನ್ನು ಹೊರುವುದು ಬೆಳಕಲ್ಲ. ಅಲ್ಲಿ ಬಿಸಿ ಅನಿಲವೇ ಕುದಿಯುತ್ತಾ ಮೇಲೇಳುತ್ತದೆ, ತಣ್ಣಗಾದದ್ದು ಕೆಳಗಿಳಿಯುತ್ತದೆ.

ಆದ್ದರಿಂದ 'ಬೆಳಕಿನ ವಯಸ್ಸೆಷ್ಟು' ಎಂದು ಕೇಳುವ ಬದಲು, 'ಈ ಬೆಳಕು ಕೊನೆಯ ಸಲ ಹೊರಟದ್ದು ಎಲ್ಲಿಂದ' ಎಂದು ಕೇಳಬೇಕು. ನಮ್ಮ ವೃತ್ತಿಯಲ್ಲಿ ಇದೇ ಮೊದಲ ಪ್ರಶ್ನೆ. ಬಿಸಿಲಿನ ಮಟ್ಟಿಗೆ ಉತ್ತರ ಸರಳ. ಅದು ಕೊನೆಯ ಸಲ ಹೊರಟದ್ದು ದ್ಯುತಿಗೋಳ ಎಂಬ, ಕೆಲವು ನೂರು ಕಿಲೋಮೀಟರ್ ದಪ್ಪದ ತೆಳು ಪದರದಿಂದ. ಹೊರಟದ್ದು 8 ನಿಮಿಷ 20 ಸೆಕೆಂಡುಗಳ ಹಿಂದೆ. ಬಹುಪಾಲು ಹುಟ್ಟಿದ್ದೂ ಅಲ್ಲೇ. ಆ ಪದರ ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಪಟ್ಟು ತೆಳು. ಆದರೂ ಅದರಾಚೆ ಕಣ್ಣು ತೂರುವುದಿಲ್ಲ. ಯಾಕೆ ಎಂಬುದು ಬಹಳ ಕಾಲ ಒಗಟಾಗಿತ್ತು. 1939ರಲ್ಲಿ ರೂಪರ್ಟ್ ವಿಲ್ಟ್ ಉತ್ತರ ಸೂಚಿಸಿದರು. ಅಲ್ಲಿ ಕೋಟಿಗಟ್ಟಲೆ ಹೈಡ್ರೋಜನ್ ಪರಮಾಣುಗಳ ನಡುವೆ ಎಲ್ಲೋ ಒಂದು, ದಾರಿಹೋಕ ಎಲೆಕ್ಟ್ರಾನನ್ನು ಸಡಿಲವಾಗಿ ಅಂಟಿಸಿಕೊಂಡು ಋಣ ಅಯಾನು ಆಗಿರುತ್ತದೆ. ಆ ಎಲೆಕ್ಟ್ರಾನನ್ನು ಕಿತ್ತೊಗೆಯಲು ಕಣ್ಣಿಗೆ ಕಾಣುವ ಬೆಳಕೇ ಸಾಕು. ಹಾಗೆ ಕೀಳುವಾಗ ಬೆಳಕು ನುಂಗಿಹೋಗುತ್ತದೆ, ಮತ್ತೆ ಅಂಟುವಾಗ ಹೊಸ ಬೆಳಕು ಹುಟ್ಟುತ್ತದೆ. ನಿಮ್ಮ ಕಿಟಕಿಯಲ್ಲಿ ಬೀಳುವ ಬಿಸಿಲಿನ ಬಹುಪಾಲು ಇಂಥ ಅಂಟುವಿಕೆಯಲ್ಲಿ ಹುಟ್ಟಿದ್ದು. ಸೂರ್ಯನ ನಡುವನ್ನು ಅದು ಕಂಡೇ ಇಲ್ಲ.

ಇನ್ನು ಹೆದರಿಕೆಯ ಭಾಗ. ಒಲೆ ಇವತ್ತು ಆರಿದರೆ ಮೇಲ್ಮೈಗೆ ಯಾವಾಗ ಗೊತ್ತಾಗುತ್ತದೆ? ಲಕ್ಷ ವರ್ಷವಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ. ಸೂರ್ಯನೊಳಗಿನ ಶಕ್ತಿಯಲ್ಲಿ ಬೆಳಕಿನ ರೂಪದಲ್ಲಿ ಇರುವುದು ಸಣ್ಣ ಪಾಲು, ಉಳಿದದ್ದೆಲ್ಲ ಅನಿಲದ ಶಾಖವಾಗಿ ಕೂತಿದೆ. ಆ ದಾಸ್ತಾನು ಈಗಿನ ಖರ್ಚಿಗೆ ಸುಮಾರು 3 ಕೋಟಿ ವರ್ಷ ಸಾಕಾಗುತ್ತದೆ. ಅಂದರೆ ಬಿಸಿಲನ್ನು ನೋಡಿ ಒಲೆ ಉರಿಯುತ್ತಿದೆಯೋ ಇಲ್ಲವೋ ಹೇಳಲು ಸಾಧ್ಯವಿಲ್ಲ. ಮಗಳ ತರ್ಕ ಸರಿಯಾಗಿಯೇ ಇದೆ, ಭೇಷ್ ಎನ್ನಿ.

ಆದರೆ ಒಳಗಿನ ಸುದ್ದಿ ತರುವ ಬೇರೆ ದೂತರಿದ್ದಾರೆ. ಹೀಲಿಯಂ ಆಗುವಾಗ ನ್ಯೂಟ್ರಿನೊ ಎಂಬ ಕಣಗಳೂ ಹುಟ್ಟುತ್ತವೆ. ಅವು ಸೂರ್ಯನ ಅಷ್ಟೂ ದಟ್ಟಣೆಯನ್ನು ಲೆಕ್ಕಿಸದೆ ಎರಡು ಚಿಲ್ಲರೆ ಸೆಕೆಂಡಿನಲ್ಲಿ ಹೊರಗೆ ಬರುತ್ತವೆ. ಇಲ್ಲಿಗೆ ಬರಲು ಅವಕ್ಕೂ ಎಂಟು ಚಿಲ್ಲರೆ ನಿಮಿಷ. ನಿಮ್ಮ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ 6,500 ಕೋಟಿಯ ಲೆಕ್ಕದಲ್ಲಿ ಹಗಲೂ ರಾತ್ರಿ ದಾಟುತ್ತಿವೆ. ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದ ಕೆಳಗಿದ್ದ ಬೊರೆಕ್ಸಿನೊ ಉಪಕರಣ, ಹೈಡ್ರೋಜನ್ ಬೀಜಗಳು ಸೇರುವ ಮೊದಲ ಹಂತದಲ್ಲೇ ಹುಟ್ಟುವ ನ್ಯೂಟ್ರಿನೊಗಳನ್ನು ನೇರವಾಗಿ ಅಳೆದು 2014ರಲ್ಲಿ ಪ್ರಕಟಿಸಿತು. ಅದರಿಂದ ಲೆಕ್ಕ ಹಾಕಿದ ಶಕ್ತಿಯೂ ಬಿಸಿಲಿನಲ್ಲಿ ಅಳೆದ ಶಕ್ತಿಯೂ ಹೊಂದಿಕೊಂಡವು. ಎಂಟು ನಿಮಿಷದ ಹಿಂದಿನ ಒಲೆಯೂ, ಬಹಳ ಹಿಂದಿನ ಒಲೆಯ ಶಕ್ತಿಯಿಂದ ಬೆಳಗುವ ಮೇಲ್ಮೈಯೂ ಒಂದೇ ಮಟ್ಟದಲ್ಲಿವೆ. ಹೆದರಬೇಕಿಲ್ಲ.

ಇದೇ ಆಟವನ್ನು 1987ರ ಫೆಬ್ರುವರಿ 23ರಂದು ಇನ್ನೂ ನಾಟಕೀಯವಾಗಿ ನೋಡಿದೆವು. ನೆರೆಯ ಪುಟ್ಟ ಗೆಲಾಕ್ಸಿಯೊಂದರಲ್ಲಿ ನಕ್ಷತ್ರ ಸಿಡಿದ ಸುದ್ದಿ ಬಂತು. ಆದರೆ ಬೆಳಕು ತಲುಪುವ ಎರಡು ಮೂರು ಗಂಟೆ ಮುಂಚೆಯೇ ಭೂಮಿಯ ಉಪಕರಣಗಳಲ್ಲಿ ಎರಡು ಡಜನ್‌ನಷ್ಟು ನ್ಯೂಟ್ರಿನೊಗಳು ದಾಖಲಾಗಿದ್ದವು. ಅವು ಬೆಳಕನ್ನು ಓಟದಲ್ಲಿ ಸೋಲಿಸಿದವು ಎಂದು ಕೆಲವರು ಬರೆದರು. ಹಾಗಲ್ಲ. ನಕ್ಷತ್ರದ ನಡು ಕುಸಿದ ಕೂಡಲೇ ನ್ಯೂಟ್ರಿನೊ ಹೊರಟವು. ಆಘಾತದ ಅಲೆ ಹೊರ ಪದರ ಮುಟ್ಟಿ ಅಲ್ಲಿಂದ ಬೆಳಕು ಹೊರಡಲು ಗಂಟೆಗಳು ಬೇಕಾದವು.

ಕಪ್ಪು ಗೆರೆಗಳನ್ನೂ 'ಎಲ್ಲಿಂದ ಹೊರಟಿತು' ಎಂಬ ದೃಷ್ಟಿಯಲ್ಲೇ ನೋಡಬೇಕು. 1814ರ ಹೊತ್ತಿಗೆ ಫ್ರೌನ್‌ಹೋಫರ್ ಸೂರ್ಯನ ರೋಹಿತದಲ್ಲಿ ನೂರಾರು ಕಪ್ಪು ಗೆರೆಗಳನ್ನು ಗುರುತಿಸಿದರು. 1859ರಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್, ಒಂದೊಂದು ಧಾತುವಿಗೂ ತನ್ನದೇ ಗೆರೆಗಳಿವೆ ಎಂದು ತೋರಿಸಿದರು. ಸೋಡಿಯಂ ಪರಮಾಣು 589 ನ್ಯಾನೊಮೀಟರ್ ಅಲೆಯುದ್ದದ ಹಳದಿಯನ್ನು ಬಿಡುವುದಿಲ್ಲ, ಹಿಡಿದು ನುಂಗುತ್ತದೆ. ಹಾಗಾಗಿ ಆ ಬಣ್ಣದ ಬೆಳಕು ಆಳದಿಂದ ಬರಲಾರದು. ನಮಗೆ ಸಿಗುವುದು ಇನ್ನೂ ಮೇಲಿನ, ಸ್ವಲ್ಪ ತಂಪಾದ ಪದರದಿಂದ ಹೊರಟದ್ದು. ತಂಪಾದದ್ದು ಮಂಕಾಗಿ ಹೊಳೆಯುತ್ತದೆ, ಅಷ್ಟೇ. ಗೆರೆಯೊಳಗೆ ಬೆಳಕು ಇಲ್ಲವೆಂದಲ್ಲ. ಸುತ್ತಲಿನ ಹೊಳಪಿನ ನಡುವೆ ಕಪ್ಪಾಗಿ ಕಾಣುತ್ತದೆ.

ಇಲ್ಲಿ ಎಡವುವುದು ಸುಲಭ. ಗೆರೆ ದಪ್ಪಗಿದ್ದರೆ ಆ ಧಾತು ಜಾಸ್ತಿ ಇದೆ ಎಂದು ಅನಿಸುತ್ತದೆ ಅಲ್ವಾ? ಸೂರ್ಯನಲ್ಲಿ ಕ್ಯಾಲ್ಸಿಯಂ ಗೆರೆಗಳು ಭಾರೀ ದಪ್ಪ. ಆದರೆ ಅಲ್ಲಿ ನಾಲ್ಕೈದು ಲಕ್ಷ ಹೈಡ್ರೋಜನ್ ಪರಮಾಣುವಿಗೆ ಒಂದು ಕ್ಯಾಲ್ಸಿಯಂ. ಹೈಡ್ರೋಜನ್ ಕಣ್ಣಿಗೆ ಕಾಣುವ ಗೆರೆ ಮೂಡಿಸಬೇಕಾದರೆ ಅದರ ಎಲೆಕ್ಟ್ರಾನ್ ಮೊದಲು ಶಕ್ತಿಯಲ್ಲಿ ಒಂದು ಮೆಟ್ಟಿಲು ಮೇಲೇರಿ ಕೂತಿರಬೇಕು. ಸೂರ್ಯನ ಮೇಲ್ಮೈಯ ಶಾಖದಲ್ಲಿ ಹಾಗೆ ಕೂತಿರುವುದು ಸುಮಾರು 20 ಕೋಟಿಗೆ ಒಂದು. ಶಾಖಕ್ಕೂ ಪರಮಾಣುವಿನ ಸ್ಥಿತಿಗೂ ಇರುವ ಈ ಸಂಬಂಧಕ್ಕೆ ಬೇಕಾದ ಬಹುಮುಖ್ಯ ಸೂತ್ರವನ್ನು 1920ರಲ್ಲಿ ಕೊಟ್ಟವರು ಮೇಘನಾದ ಸಾಹಾ. ಅದನ್ನು ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್, ನಕ್ಷತ್ರಗಳಲ್ಲಿ ತುಂಬಿರುವುದು ಮುಖ್ಯವಾಗಿ ಹೈಡ್ರೋಜನ್ ಮತ್ತು ಹೀಲಿಯಂ ಎಂಬ ಲೆಕ್ಕ ಮುಂದಿಟ್ಟರು. ಆ ಕಾಲದ ದೊಡ್ಡವರು ಒಪ್ಪಲಿಲ್ಲ. ಕೆಲವೇ ವರ್ಷಗಳಲ್ಲಿ ಒಪ್ಪಬೇಕಾಯಿತು.

ಈ ಗೆರೆಗಳನ್ನು ಮನೆಯಲ್ಲಿ ನೋಡುವುದು ಹೇಗೆ? ನನ್ನ ಸಲಹೆ ಡಿವಿಡಿ. ಹಳೆಯ ಸಿಡಿಯಾದರೂ ನಡೆಯುತ್ತದೆ. ಅದರಲ್ಲಿ ಮಿಲಿಮೀಟರಿಗೆ 625 ಸಾಲುಗಳು, ಡಿವಿಡಿಯಲ್ಲಿ ಸುಮಾರು 1,350. ಸಾಲು ಜಾಸ್ತಿಯಿದ್ದಷ್ಟೂ ಬಣ್ಣ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಬೆಳಕು ನುಸುಳದ ರಟ್ಟಿನ ಡಬ್ಬಿ ತೆಗೆದುಕೊಳ್ಳಿ. ಒಂದು ತುದಿಯಲ್ಲಿ ಎರಡು ಬ್ಲೇಡುಗಳ ಅಂಚನ್ನು ಎದುರುಬದುರು ಅಂಟಿಸಿ ಕೂದಲೆಳೆಯಷ್ಟು ಸೀಳು ಬಿಡಿ. ಇನ್ನೊಂದು ತುದಿಯಲ್ಲಿ ಡಿವಿಡಿ ತುಂಡನ್ನು ಓರೆಯಾಗಿ ನಿಲ್ಲಿಸಿ, ಅದು ಕಾಣುವಂತೆ ಕಣ್ಣಿಗೊಂದು ಕಿಂಡಿ ಮಾಡಿ. ಸೀಳು ಡಿವಿಡಿಯ ಸಾಲುಗಳಿಗೆ ಸಮಾನಾಂತರವಾಗಿರಲಿ. ಅಗಲ ಸೀಳು ಮಾಡಿದರೆ ಚೆಂದದ ಕಾಮನಬಿಲ್ಲು ಕಾಣುತ್ತದೆ, ಗೆರೆ ಕಾಣುವುದಿಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ. ಬ್ಲೇಡ್ ಕೆಲಸ ನೀವು ಮಾಡಿ.

ಇದನ್ನು ಸೂರ್ಯನ ಕಡೆ ತಿರುಗಿಸಬಾರದು. ತಿರುಗಿಸುವ ಅಗತ್ಯವೇ ಇಲ್ಲ. ಹಗಲಿನ ಆಕಾಶ, ಬಿಳಿ ಮೋಡ, ಬಿಸಿಲು ಬಿದ್ದ ಬಿಳಿ ಕಾಗದ ಎಲ್ಲವೂ ಸೂರ್ಯನ ಬೆಳಕನ್ನೇ ಚದುರಿಸಿ ಕೊಡುತ್ತವೆ, ಗೆರೆಗಳ ಸಮೇತ. ಹಳದಿಯಲ್ಲಿ ಸೋಡಿಯಂ, ಹಸಿರಿನಲ್ಲಿ 517 ನ್ಯಾನೊಮೀಟರಿನ ಹತ್ತಿರ ಮೆಗ್ನೀಸಿಯಂ, ನೀಲಿಹಸಿರಿನಲ್ಲಿ 486ಕ್ಕೆ ಹೈಡ್ರೋಜನ್ ಹುಡುಕಿ. ಕೆಂಪಿನ ತುದಿಯಲ್ಲಿ 687ರ ಬಳಿ ಒಂದು ಪಟ್ಟೆ ಕಂಡರೆ ಅದು ಸೂರ್ಯನದ್ದಲ್ಲ, ನಮ್ಮ ಗಾಳಿಯ ಆಮ್ಲಜನಕದ್ದು. ಆಮೇಲೆ ಸಿಎಫ್‌ಎಲ್ ದೀಪದ ಕಡೆ ಹಿಡಿದರೆ ಕಪ್ಪು ಗೆರೆಯ ಬದಲು ಹೊಳೆಯುವ ಗೆರೆಗಳು ಕಾಣುತ್ತವೆ. 546ರ ಹಸಿರು ಪಾದರಸದ್ದು. ಎಲ್‌ಇಡಿಯಲ್ಲಿ ಗೆರೆಯಿಲ್ಲದ ಬಣ್ಣದ ಪಟ್ಟಿ. ಬೆಳಕು ಹುಟ್ಟುವ ಬಗೆಗಳು ಬೇರೆಬೇರೆ ಎಂಬುದು ಆ ಡಬ್ಬಿಯಲ್ಲೇ ಕಂಡುಬಿಡುತ್ತದೆ.

ಟೆಲಿಸ್ಕೋಪಿನಿಂದಲೇ ಸೂರ್ಯನನ್ನು ನೋಡಬೇಕೆಂದರೆ ಫಿಲ್ಟರ್ ಇರಬೇಕಾದದ್ದು ಮುಂದೆ, ದೊಡ್ಡ ಮಸೂರದ ಬಾಯಿಗೆ. ಬಿಸಿಲು ಒಳಗೆ ಹೋಗುವ ಮುಂಚೆಯೇ ತಡೆಯಬೇಕು. ಅದಕ್ಕೆಂದೇ ಮಾಡಿದ ಹಾಳೆ ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ. ಪ್ರತಿ ಸಲವೂ ದೀಪದೆದುರು ಹಿಡಿದು ಸೂಜಿರಂಧ್ರ ಇದೆಯಾ ನೋಡಿ, ಗಾಳಿಗೆ ಹಾರದಂತೆ ಟೇಪು ಹಚ್ಚಿ, ಪಕ್ಕದ ಪುಟ್ಟ ಗುರಿದುರ್ಬೀನಿಗೂ ಮುಚ್ಚಳ ಹಾಕಿ. ಇದನ್ನು ಮರೆಯುವವರು ಬಹಳ. ಹೀಗೆ ನೋಡಿದರೆ ಸೂರ್ಯಕಲೆಗಳು ಕಾಣುತ್ತವೆ, ರೋಹಿತದ ಗೆರೆಗಳಲ್ಲ. ಪರದೆಯ ಮೇಲೆ ಬಿಂಬ ಬೀಳಿಸುವ ಹಳೆಯ ಉಪಾಯವೂ ಚೆನ್ನಾಗಿದೆ. ಆದರೆ ಪ್ಲಾಸ್ಟಿಕ್ ಭಾಗಗಳಿದ್ದರೆ ಕರಗುತ್ತವೆ, ಮಕ್ಕಳು ಕುತೂಹಲಕ್ಕೆ ಕಣ್ಣಿಡುವ ಅಪಾಯ ಯಾವಾಗಲೂ ಇದೆ. ಹೈಡ್ರೋಜನ್ನಿನ 656.3 ನ್ಯಾನೊಮೀಟರ್ ಕೆಂಪಿನಲ್ಲಿ ಮಾತ್ರ ನೋಡುವ, 'ಎಚ್-ಆಲ್ಫಾ' ಎಂಬ ವಿಶೇಷ ಸೌರ ಟೆಲಿಸ್ಕೋಪುಗಳೂ ಇವೆ. ಅದ್ಭುತ, ಆದರೆ ದುಬಾರಿ. ನಿಹಾರಿಕೆಗಳ ಫೋಟೊಗೆಂದು ಮಾರುವ ಅದೇ ಹೆಸರಿನ ಅಗ್ಗದ ಫಿಲ್ಟರನ್ನು ಅದರ ಬದಲಿಗೆ ಸೂರ್ಯನಿಗೆ ಬಳಸಿದರೆ ಕಣ್ಣು ಹೋಗುತ್ತದೆ. ಎಕ್ಸ್-ರೇ ಹಾಳೆ, ಮಸಿ ಹಿಡಿದ ಗಾಜು, ಸಿಡಿಯ ಮೂಲಕ ನೇರವಾಗಿ ನೋಡುವುದು, ಇವು ಯಾವುವೂ ಬೇಡ.

ಬೆಳಕು ಹುಟ್ಟಲು ಶಾಖವೇ ಬೇಕೆಂದಿಲ್ಲ ಎಂದೂ ಮಗಳಿಗೆ ಹೇಳಿ. ನನಗೆ ಇಷ್ಟವಾದ ಎರಡು ಉದಾಹರಣೆ. ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಸ್ಪಿನ್ (ಪುಟ್ಟ ಅಯಸ್ಕಾಂತದಂಥ ದಿಕ್ಕು) ತಿರುವುಮುರುವಾದಾಗ 21 ಸೆಂಟಿಮೀಟರಿನ ರೇಡಿಯೊ ಅಲೆ ಹೊರಡುತ್ತದೆ. ಅದೂ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕೇ. ಒಂಟಿ ಪರಮಾಣು ತಾನಾಗಿ ಹೀಗೆ ಮಾಡಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಜಾಸ್ತಿ ಕಾಯುತ್ತದೆ. ಆದರೂ ನಕ್ಷತ್ರಗಳ ನಡುವೆ ಎಷ್ಟು ಹೈಡ್ರೋಜನ್ ಇದೆಯೆಂದರೆ, ಇಡೀ ಆಕಾಶಗಂಗೆ ಆ ಅಲೆಯಲ್ಲಿ ಎಡೆಬಿಡದೆ ಗುನುಗುತ್ತದೆ. 1944ರಲ್ಲಿ ವಾನ್ ಡ ಹುಲ್ಸ್ಟ್ ಇದನ್ನು ಊಹಿಸಿದರು, 1951ರಲ್ಲಿ ಅದು ಸಿಕ್ಕಿತು. ಈಗ ಹವ್ಯಾಸಿಗಳೂ ಒಂದು ಸಣ್ಣ ಡಿಶ್ ಮತ್ತು ಕಂಪ್ಯೂಟರಿಗೆ ಚುಚ್ಚುವ ರೇಡಿಯೊ ರಿಸೀವರ್ ಇಟ್ಟುಕೊಂಡು ಹಿಡಿಯುತ್ತಾರೆ. ಕಣ್ಣಿಗೆ ಅಪಾಯವಿಲ್ಲದ ಹವ್ಯಾಸ, ತಾಳ್ಮೆ ಬೇಕು. ಇನ್ನೊಂದು, 1054ರಲ್ಲಿ ಜನ ಕಂಡ ಸ್ಫೋಟದ ಅವಶೇಷವಾದ ಕ್ರ್ಯಾಬ್ ನಿಹಾರಿಕೆ. ಅದರ ನೀಲಿಬಿಳಿ ಹೊಳಪು ಬೆಂಕಿಯದ್ದಲ್ಲ. ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಸೂಸುವ ಬೆಳಕು.

ಇನ್ನು ಸುಸ್ತಾಗುವ ಮಾತು. ಖಾಲಿ ಜಾಗದಲ್ಲಿ ಬೆಳಕಿಗೆ ಸುಸ್ತಿಲ್ಲ. ದೂರ ಹೋದಂತೆ ಮಂಕಾಗಿ ಕಾಣುವುದು ಬೆಳಕು ಹರಡಿಕೊಳ್ಳುವುದರಿಂದ. ಒಂದೊಂದು ಫೋಟಾನಿನ ಕಸುವು ಅಷ್ಟೇ ಇರುತ್ತದೆ. ವಿಶ್ವ ಹಿಗ್ಗುವುದರ ಪರಿಣಾಮ ಬೇರೆ, ಅದು ಮುಂದೆ. ಇಲ್ಲಿ ಒಂದು ತಮಾಷೆ ನೋಡಿ. ಸೂರ್ಯನೊಳಗೆ ಫೋಟಾನ್ ಒಂದು ಗೇಣು ದಾಟುವುದಿಲ್ಲ. ಆದರೆ ಆಂಡ್ರೊಮಿಡಾ ಗೆಲಾಕ್ಸಿಯಿಂದ ಹೊರಟದ್ದು 25 ಲಕ್ಷ ವರ್ಷ ಓಡಿ, ಅದೇ ಫೋಟಾನ್ ಆಗಿ ನಿಮ್ಮ ಕಣ್ಣಿಗೆ ಬೀಳುತ್ತದೆ. ದಾರಿ ಅಷ್ಟು ಖಾಲಿ. ನಕ್ಷತ್ರಗಳ ನಡುವಿನ ಜಾಗದಲ್ಲಿ ಘನ ಸೆಂಟಿಮೀಟರಿಗೆ ಒಂದು ಪರಮಾಣು ಎಂದುಕೊಳ್ಳಿ. ನಿಮ್ಮ ಮೂಗಿನ ಮುಂದಿನ ಒಂದು ಸೆಂಟಿಮೀಟರ್ ಗಾಳಿ ಬೆಳಕಿಗೆ ಒಡ್ಡುವಷ್ಟು ಕಣಗಳು ಎದುರಾಗಬೇಕಾದರೆ ಅಲ್ಲಿ ಸುಮಾರು 25 ಬೆಳಕಿನ ವರ್ಷ ಹೋಗಬೇಕು.

ಬೆಳಕು ಸುಸ್ತಾಗುತ್ತದೆ ಎಂಬ ಊಹೆಯನ್ನು 1929ರಲ್ಲಿ ಫ್ರಿಟ್ಸ್ ಜ್ವಿಕಿಯಂಥ ಘಟಾನುಘಟಿಯೇ ಮುಂದಿಟ್ಟಿದ್ದರು. ದೂರದ ಗೆಲಾಕ್ಸಿಗಳ ಬೆಳಕು ಕೆಂಪಿನತ್ತ ಸರಿದಿರುವುದಕ್ಕೆ, ಅಂದರೆ ಅದರ ಅಲೆ ಹಿಗ್ಗಿರುವುದಕ್ಕೆ, ಅದು ಕಾರಣವಿರಬಹುದೇ ಎಂದು. ನಿಲ್ಲಲಿಲ್ಲ. ಏನನ್ನೋ ತಗುಲಿ ಶಕ್ತಿ ಕಳೆದುಕೊಳ್ಳುವುದಾದರೆ ದಿಕ್ಕೂ ಕದಲಿ ದೂರದ ಗೆಲಾಕ್ಸಿಗಳು ಮಬ್ಬಾಗಿ ಕಾಣಬೇಕಿತ್ತು. ಅವು ಮೊನಚಾಗಿಯೇ ಇವೆ. ಅದಕ್ಕಿಂತ ಗಟ್ಟಿ ಸಾಕ್ಷಿ ಸೂಪರ್‌ನೋವಾಗಳದ್ದು, ಅಂದರೆ ಸಿಡಿಯುವ ನಕ್ಷತ್ರಗಳದ್ದು. ದೂರದ ಸ್ಫೋಟಗಳು ಹತ್ತಿರದವುಗಳಿಗಿಂತ ನಿಧಾನವಾಗಿ ಆರುತ್ತವೆ. ಬೆಳಕಿನ ಅಲೆ ಎಷ್ಟು ಪಟ್ಟು ಹಿಗ್ಗಿದೆಯೋ ಅಷ್ಟೇ ಪಟ್ಟು ಅವುಗಳ ಕಾಲವೂ ಹಿಗ್ಗಿ ಕಾಣುತ್ತದೆ. ಸುಮ್ನೆ ಸುಸ್ತಾದ ಬೆಳಕು ಹೀಗೆ ಮಾಡಲಾರದು. ವಿಶ್ವವೇ ಹಿಗ್ಗುತ್ತಿದ್ದರೆ ಎರಡೂ ಒಟ್ಟಿಗೆ ಆಗುತ್ತವೆ.

ಹಾಗೆ ಹಿಗ್ಗಿದ ಬೆಳಕುಗಳಲ್ಲಿ ಎಲ್ಲಕ್ಕಿಂತ ಹಳೆಯದು ವಿಶ್ವದ ಹಿನ್ನೆಲೆ ವಿಕಿರಣ. ಮಹಾಸ್ಫೋಟದ ಸುಮಾರು 3.8 ಲಕ್ಷ ವರ್ಷದ ನಂತರ, 3,000 ಡಿಗ್ರಿಯ ಮಂಜಿನಂಥ ಅನಿಲ ತಿಳಿಯಾದಾಗ ಅದು ಕೊನೆಯ ಸಲ ಹೊರಟಿತು. ಅಂದಿನಿಂದ ಅಲೆ ಸುಮಾರು 1,100 ಪಟ್ಟು ಹಿಗ್ಗಿ, ಈಗ 2.725 ಕೆಲ್ವಿನ್ನಿನ ಮೈಕ್ರೊವೇವ್ ಆಗಿದೆ. ಅಲೆ ಹಿಗ್ಗಿದಷ್ಟೂ ಫೋಟಾನಿನ ಶಕ್ತಿ ಕಡಿಮೆಯಾಗುತ್ತದೆ. ಆ ಕಳೆದ ಶಕ್ತಿ ಎಲ್ಲಿ ಹೋಯಿತು ಎಂದು ಮಗಳು ಖಂಡಿತ ಕೇಳುತ್ತಾಳೆ. ಯಾರ ಜೇಬಿಗೂ ಹೋಗಿಲ್ಲ. ಹಿಗ್ಗುವ ವಿಶ್ವಕ್ಕೆ ಇಡಿಯಾಗಿ ಅನ್ವಯಿಸುವ ಶಕ್ತಿಯ ಜಮಾಖರ್ಚನ್ನು ಐನ್‌ಸ್ಟೈನ್ ಸಿದ್ಧಾಂತ ಕೊಡುವುದೇ ಇಲ್ಲ. ಪಾಠದಲ್ಲಿ ಓದುವ ಶಕ್ತಿ ಉಳಿವಿನ ನಿಯಮ ಒಂದು ಕೋಣೆಯಲ್ಲಿ, ಒಂದು ಗ್ರಹದಲ್ಲಿ ಸರಿ. ಇಲ್ಲಿ ಹಾಗೇ ಹಚ್ಚಲು ಬರುವುದಿಲ್ಲ.

ದಾರಿ ಪೂರ್ತಿ ನಿರ್ವಿಘ್ನ ಎಂದೂ ಅಲ್ಲ. ನಕ್ಷತ್ರಗಳ ನಡುವೆ ಅನಿಲಕ್ಕಿಂತ ಧೂಳಿನ ಕಾಟವೇ ಜಾಸ್ತಿ. ಆಕಾಶಗಂಗೆಯ ನಡುವಿನಿಂದ ಹೊರಟ ಕಾಣುವ ಬೆಳಕಿನಲ್ಲಿ ನಮಗೆ ತಲುಪುವುದು ಲಕ್ಷ ಕೋಟಿಗೆ ಒಂದರಷ್ಟು. ಅವಕೆಂಪಿನಲ್ಲಿ (ಇನ್‌ಫ್ರಾರೆಡ್) ನೋಡಿದರೆ ಹತ್ತು ಹದಿನೈದಕ್ಕೆ ಒಂದು ದಾಟಿ ಬರುತ್ತದೆ. ಅಲ್ಲಿನ ಕಪ್ಪುಕುಳಿಯ ಸುತ್ತ ಓಡುವ ನಕ್ಷತ್ರಗಳನ್ನು ಹಿಂಬಾಲಿಸಲು ಆದದ್ದು ಹೀಗೆ. ರೇಡಿಯೊ ಅಲೆಗೆ ಧೂಳು ಲೆಕ್ಕಕ್ಕಿಲ್ಲ, ಅದನ್ನು ತಡವಾಗಿಸುವುದು ದಾರಿಯಲ್ಲಿ ಬಿಡಿಬಿಡಿಯಾಗಿ ಓಡಾಡುವ ಎಲೆಕ್ಟ್ರಾನುಗಳು. ಕ್ರ್ಯಾಬ್ ನಿಹಾರಿಕೆಯ ನಡುವಿನ ಪಲ್ಸಾರ್, ಅಂದರೆ ಸಿಡಿದ ನಕ್ಷತ್ರದ ಗಿರಗಿರ ಸುತ್ತುವ ಉಳಿಕೆ, ಸೆಕೆಂಡಿಗೆ ಸುಮಾರು 30 ಸಲ ಮಿಡಿಯುತ್ತದೆ. ಅದರ ಒಂದೇ ಮಿಡಿತದಲ್ಲಿ 100 ಮೆಗಾಹರ್ಟ್ಸ್ ಅಲೆ 1,000 ಮೆಗಾಹರ್ಟ್ಸ್ ಅಲೆಗಿಂತ ಸುಮಾರು 23 ಸೆಕೆಂಡು ತಡವಾಗಿ ಬರುತ್ತದೆ. 6,500 ವರ್ಷದ ಓಟದಲ್ಲಿ 23 ಸೆಕೆಂಡು. ನಮಗೆ ಅದು ತೊಂದರೆಯಲ್ಲ, ಲಾಭ. ದಾರಿಯಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂದು ಆ ತಡದಿಂದಲೇ ಎಣಿಸುತ್ತೇವೆ.

ಕೊನೆಗೆ ಆ ಮೆಸೇಜ್. ಕಾಸ್ಮಿಕ್ ಕಿರಣಗಳು ಬೆಳಕಲ್ಲ. ಬಹುಪಾಲು ಪ್ರೋಟಾನುಗಳು, ವಿದ್ಯುದಂಶವಿರುವ ಕಣಗಳು. ದಾರಿಯ ಕಾಂತಕ್ಷೇತ್ರಗಳು ಅವನ್ನು ಎತ್ತೆತ್ತಲೋ ತಿರುಗಿಸುವುದರಿಂದ ಬೆಳಕಿನಂತೆ ನೆಟ್ಟಗೆ, ಹೊತ್ತು ಹಾಕಿಕೊಂಡು ಬರುವುದಿಲ್ಲ. ಎಲ್ಲ ದಿಕ್ಕಿನಿಂದ, ಎಲ್ಲ ಹೊತ್ತಿನಲ್ಲೂ ಬರುತ್ತಲೇ ಇರುತ್ತವೆ. ವಿಕ್ಟರ್ ಹೆಸ್ 1912ರಲ್ಲೇ ಬಲೂನಿನಲ್ಲಿ ಐದು ಕಿಲೋಮೀಟರ್ ಮೇಲೇರಿ, ಮೇಲೆ ಹೋದಂತೆ ಈ ವಿಕಿರಣ ಜಾಸ್ತಿಯಾಗುವುದನ್ನು ಅಳೆದರು. ಭೂಮಿಯ ಕಾಂತಕ್ಷೇತ್ರವೂ ಗಾಳಿಯೂ ಬಹುಪಾಲನ್ನು ತಡೆಯುತ್ತವೆ. ಉಳಿದ ಚೂರುಗಳು ಮ್ಯುವಾನ್ ಎಂಬ ಕಣಗಳಾಗಿ ನೆಲಕ್ಕೆ ಬರುತ್ತವೆ. ಅಂಗೈ ಚಾಚಿ ಹಿಡಿದರೆ ನಿಮಿಷಕ್ಕೆ ನೂರರ ಆಸುಪಾಸು ದಾಟಿಹೋಗುತ್ತವೆ. ಹುಟ್ಟಿದಾಗಿನಿಂದ ನಮ್ಮೆಲ್ಲರಿಗೂ ಇದು ಆಗುತ್ತಲೇ ಇದೆ. ಫೋನ್ ಆನ್ ಇದ್ದರೂ ಆಫ್ ಇದ್ದರೂ ಅವಕ್ಕೆ ಒಂದೇ.

ನಿಜವಾಗಿ ಹೊತ್ತು ನೋಡಿ ಎಚ್ಚರಿಸುವ ಸಂಗತಿ ಒಂದಿದೆ, ಅದು ಸೂರ್ಯನಿಂದ ಸಿಡಿದು ಬರುವ ಕಣಗಳ ಅಬ್ಬರ, ಸೌರ ಬಿರುಗಾಳಿ. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಅದರಿಂದ ಸುಮಾರು ಒಂಬತ್ತು ಗಂಟೆ ಕರೆಂಟ್ ಹೋಗಿತ್ತು. ಉಪಗ್ರಹ, ಜಿಪಿಎಸ್, ದೂರದ ರೇಡಿಯೊ ಸಂಪರ್ಕ, ವಿದ್ಯುತ್ ಜಾಲ ಇವುಗಳಿಗೆ ತೊಂದರೆ. ಆ ಎಚ್ಚರಿಕೆ ಹೋಗುವುದೂ ಅವನ್ನು ನಡೆಸುವವರಿಗೆ. ಅದರಲ್ಲಿ ತಾರೀಕು ಇರುತ್ತದೆ, ಬಿರುಗಾಳಿಯ ಬಲ ಎಷ್ಟು ಎಂಬ ಅಂದಾಜೂ ಇರುತ್ತದೆ. ನಿಮಗೆ ಬರುವ ಮೆಸೇಜಿನಲ್ಲಿ ಬರೀ 'ಇಂದು ರಾತ್ರಿ' ಎಂದಿರುತ್ತದೆ. ಅದಕ್ಕೇ ಅದು ವರ್ಷಗಟ್ಟಲೆ ಓಡುತ್ತಿದೆ. ಮುಂದಿನ ಸಲ ಬಂದಾಗ, ಕಳಿಸಿದವರನ್ನು 'ಯಾವತ್ತಿನ ರಾತ್ರಿ?' ಎಂದು ಕೇಳಿ ನೋಡಿ.